ಆಚಂದ್ರಾರ್ಕ ಅಧ್ಯಕ್ಷರು

ಶಿವಮೊಗ್ಗ ಜಿಲ್ಲೆಯ ನಮ್ಮ ಊರಿನ ಸೇವಾ ಕ್ಲಬ್ಬಿನ ಮಾಸಿಕ ಸಭೆಯಲ್ಲಿ ಸ್ಥಳೀಯ ಇತಿಹಾಸವನ್ನು ಕುರಿತು ವಿಶೇಷ ಉಪನ್ಯಾಸವನ್ನು ಏರ್ಪಡಿಸಲಾಗಿತ್ತು. ಸಂಜೆ ಆರೂವರೆಗೆಂದು ಕರೆದಿದ್ದ ಸಭೆ ಏಳೂಕಾಲಿಗೆ ಆರಂಭವಾಯಿತು. ಅಧ್ಯಕ್ಷರಿಗೆ ಕಾಲರ್ ತೊಡಿಸಿ, ಗಂಟೆ ಬಾರಿಸಿ, ಪ್ರಾರ್ಥನೆ, ಸ್ವಾಗತ, ಹುಟ್ಟುಹಬ್ಬ ಹಾಗೂ ವಿವಾಹ ವಾರ್ಷಿಕೋತ್ಸವದ ಶುಭಾಶಯ, ಕಾರ್ಯದರ್ಶಿಗಳ ವರದಿ, ನಿಕಟಪೂರ್ವ ಅಧ್ಯಕ್ಷರಿಗೆ ಸನ್ಮಾನ, ಸನ್ಮಾನಕ್ಕೆ ನಿಕಟಪೂರ್ವ ಅಧ್ಯಕ್ಷರ ಉತ್ತರ, ಇವೆಲ್ಲ ಸಾಂಗವಾಗಿ ನೆರವೇರಿದ ಮೇಲೆ ಅತಿಥಿಗಳ ಪರಿಚಯವನ್ನು ಓದಲಾಯಿತು. ಅತಿಥಿಗಳು ನಿವೃತ್ತ ಅಧ್ಯಾಪಕರು, ಶಾಸನಗಳ ಪಡಿಯಚ್ಚುಗಳನ್ನು ಸುರುಳಿ ಸುತ್ತಿ ತಂದಿದ್ದರು. ಅವರು ಸುರುಳಿ ಬಿಚ್ಚುವ ಮೊದಲೇ, ಹತ್ತು ನಿಮಿಷದಲ್ಲಿ ಮುಗಿಸಬೇಕೆಂದೂ ಊಟ ಆರುತ್ತಿದೆಯೆಂದೂ ಬರೆದ ಚೀಟಿ ವೇದಿಕೆಗೆ ಬಂತು.

ಆ ಹತ್ತು ನಿಮಿಷದಲ್ಲಿ ಅವರು ತಾಳಗುಂದದ ಕಂಬದ ವಿಷಯವನ್ನು ಹೇಳಿದರು. ವಿದ್ಯೆಗೆಂದು ಕಂಚಿಗೆ ಹೋದ ಮಯೂರಶರ್ಮ ಪಲ್ಲವರ ಕುದುರೆ ಸವಾರನೊಡನೆ ಜಗಳವಾಗಿ ಕತ್ತಿ ಹಿಡಿದ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ ಆದ್ದರಿಂದ ಸಭಿಕರು ತಲೆದೂಗಿದರು. ಆದರೆ ಕಂಬವನ್ನು ನಿಲ್ಲಿಸಿದ್ದು ಆ ಜಗಳವನ್ನು ಸಾರುವುದಕ್ಕಲ್ಲ, ಮಯೂರಶರ್ಮನ ಕದಂಬ ವಂಶದ ದೊರೆ ಕಾಕುಸ್ಥವರ್ಮನು ಅಲ್ಲಿಯ ಶಿವಾಲಯದ ಬಳಿ ಕೆರೆಯೊಂದನ್ನು ಕಟ್ಟಿಸಿದ್ದನ್ನು ದಾಖಲಿಸುವುದಕ್ಕೆ. ಕೆರೆ ಕಟ್ಟಿಸಿದವನ ಕಾಲ ಮುಗಿದು ಅವನ ಮಗ ಶಾಂತಿವರ್ಮನ ಆಳ್ವಿಕೆ ಬಂದಮೇಲೆ, ಸುಮಾರು 5ನೆಯ ಶತಮಾನದ ನಡುವಿನಲ್ಲಿ, ಕುಬ್ಜನೆಂಬ ಕವಿ ಸಂಸ್ಕೃತದಲ್ಲಿ ಕಾವ್ಯ ರಚಿಸಿ ಕಲ್ಲಿನ ಮೇಲೆ ತಾನೇ ಬರೆದ, ಎಂದು ಅವರು ವಿವರಿಸಿದರು. ಅಂದರೆ ಮೊದಲು ನೀರು, ಆಮೇಲೆ ಕಲ್ಲು.

ಈ ಹಿಂದುಮುಂದಾದ ಕ್ರಮ ಸಭೆಗೆ ಹಿಡಿಸಲಿಲ್ಲ. ನಮ್ಮ ಕ್ಲಬ್ಬು ಬಸ್ ನಿಲ್ದಾಣದಲ್ಲಿ ಕೊಡುಗೆಯಾಗಿ ನೀಡಿರುವ ಕುಡಿಯುವ ನೀರಿನ ಘಟಕದಲ್ಲಿ ಕಪ್ಪು ಗ್ರಾನೈಟ್ ಫಲಕ ಮೊದಲು ಬಂದಿದೆ, ನೀರು ಬರಬೇಕಾಗಿದೆ. ಫಲಕದ ಮೇಲೆ ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ, ಜಿಲ್ಲೆಯ ಪದಾಧಿಕಾರಿಗಳು, ಅವರವರ ಅವಧಿ ಮತ್ತು ಬಿರುದುಗಳು ಬಂಗಾರದ ಬಣ್ಣದಲ್ಲಿ ಹೊಳೆಯುತ್ತಿವೆ. ನಲ್ಲಿಯ ಬಾಯಿಗೆ ಬಟ್ಟೆ ತುರುಕಿದೆ. ಲೋಟ ಕಳುವಾಗದಿರಲೆಂದು ಹಾಕಿಸಿದ ಸರಪಳಿಯನ್ನು ಮಾತ್ರ ಇನ್ನೂ ಯಾರೂ ಕದ್ದಿಲ್ಲ. ಸಾವಿರ ವರ್ಷದ ನಂತರ ಬರುವ ಶಾಸನತಜ್ಞರು ಈ ಫಲಕವನ್ನೋದಿ, ಇಲ್ಲಿ ವರ್ಷಕ್ಕೊಬ್ಬರಂತೆ ಪಟ್ಟಕ್ಕೆ ಬರುತ್ತಿದ್ದ ರಾಜವಂಶವೊಂದಿತ್ತೆಂದೂ, ಅದರ ದೊರೆಗಳೆಲ್ಲ ಜುಲೈ ತಿಂಗಳಿನಲ್ಲೇ ಪದಗ್ರಹಣ ಮಾಡುತ್ತಿದ್ದರೆಂದೂ ನಿರ್ಣಯಿಸಿದರೆ ಅವರನ್ನು ತಪ್ಪೆನ್ನಲಾಗದು.

ಉಪನ್ಯಾಸಕರು ಕೊನೆಯಲ್ಲಿ ದಾನಶಾಸನಗಳ ಲಕ್ಷಣವನ್ನು ಹೇಳಿದರು. ದತ್ತಿ ಆಚಂದ್ರಾರ್ಕ, ಅಂದರೆ ಸೂರ್ಯಚಂದ್ರರಿರುವವರೆಗೆ, ನಡೆಯಲೆಂದು ಮೇಲೆ ಸೂರ್ಯಚಂದ್ರರನ್ನು ಕೆತ್ತುತ್ತಿದ್ದರು, ಭೂಮಿಯ ಎಲ್ಲೆಯನ್ನೂ ಸಾಕ್ಷಿಗಳನ್ನೂ ಹೇಳುತ್ತಿದ್ದರು, ದತ್ತಿಯನ್ನು ಕೆಡಿಸಿದವನು 60,000 ವರ್ಷ ಮಲದಲ್ಲಿ ಹುಳುವಾಗಿ ಹುಟ್ಟುತ್ತಾನೆಂಬ ಶಾಪವನ್ನೂ ಸೇರಿಸುತ್ತಿದ್ದರು. ಅದುವರೆಗೆ ಮೊಬೈಲ್ ನೋಡುತ್ತಿದ್ದ ಸದಸ್ಯರೆಲ್ಲ ತಲೆಯೆತ್ತಿದ್ದು ಈ ಶಾಪದ ಮಾತಿಗೆ. ಘಟಕದ ಫಲಕಕ್ಕೆ ಸೂರ್ಯಚಂದ್ರರನ್ನೂ ಶಾಪವನ್ನೂ ಸೇರಿಸುವುದೆಂದು ಊಟಕ್ಕೆ ಮೊದಲೇ ಸರ್ವಾನುಮತದ ಠರಾವಾಯಿತು. ಶಾಪ ಯಾರಿಗೆ ತಗುಲಬೇಕೆಂಬುದರ ಬಗ್ಗೆ ಮಾತ್ರ ಕೊಂಚ ಚರ್ಚೆ ನಡೆಯಿತು. ಫಲಕದ ಮೇಲೆ ಭಿತ್ತಿಪತ್ರ ಅಂಟಿಸುವವರಿಗೆ ಎಂದು ಖಜಾಂಚಿಗಳು ಸೂಚಿಸಿದರು. ನೀರು ಬಿಡದವರಿಗೂ ಇರಲಿ ಎಂದು ಹಿಂದಿನ ಸಾಲಿನಿಂದ ಯಾರೋ ಅಂದದ್ದನ್ನು, ನಲ್ಲಿ ಸಂಪರ್ಕಕ್ಕೆ ಅರ್ಜಿ ಬರೆಯಬೇಕಾದವರು ನಾವೇ ಆಗಿರುವುದರಿಂದ, ಮುಂದಿನ ಸಭೆಗೆ ಮುಂದೂಡಲಾಯಿತು.