ಐದು ಕಾಲಿನ ಕೋಣ, ಬಳ್ಳಾರಿಯ ಮ್ಯಾಮತ್

ಮ್ಯೂಸಿಯಂಗೆ ಬರುವ ಮಕ್ಕಳಿಗೆ ಬೇಸರ ಆಗಬಾರದು ಅಂತ ಒಂದು ಆಟ ಮಾಡಿದ್ದಾರೆ. ಆಟ ಸುಲಭ. ಬಾಗಿಲಲ್ಲಿ ಒಂದು ಹಾಳೆ ಕೊಡುತ್ತಾರೆ. ಅದರ ತುಂಬ ಚಿತ್ರಗಳು. ಚಿತ್ರದಲ್ಲಿರುವ ವಸ್ತು ಒಳಗೆ ಎಲ್ಲಿದೆ ಅಂತ ಹುಡುಕಿ, ಪಕ್ಕದ ಚೌಕದಲ್ಲಿ ಠಸ್ಸೆ ಹಾಕಿಸಿಕೊಳ್ಳಬೇಕು. ಎಲ್ಲಾ ಸಿಕ್ಕರೆ ಪೆನ್ಸಿಲ್ ಬಹುಮಾನ. ಉದ್ಘಾಟನೆ ದಿನ ತಂದಿಟ್ಟ ಪೆನ್ಸಿಲ್ ಡಬ್ಬಿ ಇನ್ನೂ ಒಡೆದಿಲ್ಲ.

ಯಾವ ಮ್ಯೂಸಿಯಂ ಅಂತ ಕೇಳಬೇಡಿ. ನಾನೇ ಮನಸ್ಸಿನಲ್ಲಿ ಕಟ್ಟಿಕೊಂಡದ್ದು. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರಕ್ಕೂ ಸೇರಿದ್ದು ಅಂದುಕೊಳ್ಳಿ. ಒಂದರ ಹೆಸರು ಹೇಳಿದರೆ ಉಳಿದೆರಡು ಜಿಲ್ಲೆಯವರು 'ನಮ್ಮಲ್ಲೇನು ಕಮ್ಮಿ' ಅಂತ ಜಗಳಕ್ಕೆ ಬರುತ್ತಾರೆ.

ಹಾಳೆ ಅಂದರೆ ಸಣ್ಣದಲ್ಲ. ನಾಲ್ಕಡಿ ಅಗಲ, ಆರಡಿ ಉದ್ದದ ಫ್ಲೆಕ್ಸ್. ನಮ್ಮ ಕಡತಗಳಿಗೆ ಚಿತ್ರ ಗೊತ್ತಿಲ್ಲ, ಚದರಡಿ ಗೊತ್ತು. ಗೋಡೆಗೆ ಸುಣ್ಣ ಹೊಡೆದರೂ ಚದರಡಿ, ಟೈಲ್ಸ್ ಹಾಕಿದರೂ ಚದರಡಿ. ಅಂಗೈ ಅಗಲದ ಹಾಳೆ ಮಾಡಿದರೆ ಕಾಮಗಾರಿ ಲೆಕ್ಕದ ಎಂಬಿ ಪುಸ್ತಕದಲ್ಲಿ ಅಳತೆ ಅಂತ ಏನು ಬರೆಯೋದು, ಬಿಲ್ಲಿನಲ್ಲಿ ಯಾರಿಗೆ ಏನು ಉಳಿಯೋದು? ಹೀಗಾಗಿ ಇಬ್ಬರು ಮಕ್ಕಳು ಮುಂದೆ, ಇಬ್ಬರು ಹಿಂದೆ ಹಿಡಿದು, ಪಲ್ಲಕ್ಕಿ ಹೊತ್ತವರ ಹಾಗೆ ಗ್ಯಾಲರಿ ತುಂಬ ಓಡಾಡುತ್ತಾರೆ.

ಹಾಳೆಯ ಮೇಲ್ಭಾಗ ಗಣ್ಯರಿಗೆ ಮೀಸಲು. ಸಾಲಾಗಿ ಎಂಟು ಮುಖ, ಎಲ್ಲರೂ ಕೈ ಮುಗಿದಿದ್ದಾರೆ. ಆಟದ ಚಿತ್ರ ಯಾವುದು, ಆಟ ಆಡಿಸಿದವರ ಚಿತ್ರ ಯಾವುದು ಅಂತ ಮಕ್ಕಳಿಗೆ ಹೇಗೆ ಗೊತ್ತಾಗಬೇಕು? ಒಬ್ಬ ಹುಡುಗ ಕಾವಲುಗಾರನ ಅಂಗಿ ಜಗ್ಗಿದ.

"ಮಾಮಾ, ಈ ಎಂಟು ಮಂದಿ ಯಾವ ಗಾಜಿನ ಪೆಟಿಗ್ಯಾಗ ಅದಾರ?"

"ಅವ್ರು ಒಳಗಿಲ್ಲಪಾ, ಹೊರಗದಾರ."

"ಒಳಗ ಯಾವಾಗ ಹೋಗ್ತಾರ?"

ಕಾವಲುಗಾರ ಆಚೀಚೆ ನೋಡಿದ. ಎಂಟೂ ಮುಖದ ಮೇಲೆ ಠಸ್ಸೆ ಒತ್ತಿ ಹುಡುಗನನ್ನು ಮುಂದಕ್ಕೆ ಕಳಿಸಿದ.

ಇನ್ನು ಈ ಚಿತ್ರಗಳನ್ನು ಬರೆದವರು ಯಾರು? ಕೊಪ್ಪಳದ ಮಗ್ಗುಲಲ್ಲೇ ಕಿನ್ನಾಳ ಇದೆ. ಅಲ್ಲಿನ ಚಿತ್ರಗಾರರು ತಲೆತಲಾಂತರದಿಂದ ಹಗುರ ಮರ ಕೆತ್ತಿ, ಹುಣಸೆ ಬೀಜದ ಅಂಟು ಕಲಸಿ, ಬಣ್ಣ ತುಂಬಿ ಗೊಂಬೆ ಮಾಡುವವರು. ಭೌಗೋಳಿಕ ಸೂಚಿಕೆಯ (ಜಿಐ) ಮಾನ್ಯತೆಯೂ ಆ ಗೊಂಬೆಗಳಿಗಿದೆ. ಅಲ್ಲಿಂದ ಒಬ್ಬ ಯುವಕ ಬಂದು ಟೆಂಡರ್ ಕಾಗದ ನೋಡಿದ. ಮೂರು ವರ್ಷದ ವಹಿವಾಟು ಕೋಟಿ ಲೆಕ್ಕದಲ್ಲಿರಬೇಕು, ಠೇವಣಿ ಇಡಬೇಕು, ಇಂಥದ್ದೇ ಕೆಲಸ ಮಾಡಿದ ಅನುಭವ ಪತ್ರ ತರಬೇಕು. ಕೊನೆಗೆ, ಸ್ವಂತ ಕಾಂಕ್ರೀಟ್ ಮಿಕ್ಸರ್ ಇರಬೇಕು ಅಂತಲೂ ಇತ್ತು. ಹಿಂದಿನ ತಿಂಗಳ ಚರಂಡಿ ಟೆಂಡರಿನ ಷರತ್ತು. ಹೆಸರು ಬದಲಿಸಿದ್ದರು, ಮಿಕ್ಸರ್ ಉಳಿದುಬಿಟ್ಟಿತ್ತು.

"ಬಣ್ಣ ಕಲಸಾಕ ಮಿಕ್ಸರ್ ಬೇಕೇನ್ರೀ ಸರ್?"

"ಇದ್ರ ಒಳ್ಳೇದು."

ಮಿಕ್ಸರ್ ಇದ್ದವರಿಗೇ ಕೆಲಸ ಸಿಕ್ಕಿತು. ಅವರು ಕಾಂಪೌಂಡ್ ಗೋಡೆ ಕಟ್ಟಿದ್ದವರು. ಅವರ ಅಳಿಯನ ಹತ್ತಿರ ಲ್ಯಾಪ್‌ಟಾಪ್ ಇತ್ತು. ಲ್ಯಾಪ್‌ಟಾಪಿನಲ್ಲಿ, ಹೇಳಿದ ತಕ್ಷಣ ಚಿತ್ರ ಬಿಡಿಸಿಕೊಡುವ ಎಐ ಇತ್ತು. ಅಳಿಯ ಮ್ಯೂಸಿಯಂ ಒಳಗೆ ಕಾಲಿಡದೆ ಒಂದೇ ರಾತ್ರಿಯಲ್ಲಿ ಎಲ್ಲಾ ಮುಗಿಸಿದ. ಅದಕ್ಕೆ ಪ್ರಶಂಸಾ ಪತ್ರವೂ ಸಿಕ್ಕಿದೆ.

ಮೊದಲ ಚಿತ್ರ ಹೊಸ ಶಿಲಾಯುಗದ ಕುಟುಂಬ. ಹಿಂದೆ ಹಿಮದ ಬೆಟ್ಟ, ಪಕ್ಕದಲ್ಲಿ ಮೈತುಂಬ ಕೂದಲಿರುವ ಮ್ಯಾಮತ್ ಆನೆ. ಬಳ್ಳಾರಿಗೆ ಇರೋದೇ ಎರಡು ಕಾಲ, ಬೇಸಿಗೆ ಮತ್ತು ಜಾಸ್ತಿ ಬೇಸಿಗೆ. ಆ ಆನೆ ಇಲ್ಲಿಗೆ ಬಂದಿದ್ದರೆ ಮೊದಲು ಕಟಿಂಗ್ ಶಾಪ್ ಹುಡುಕುತ್ತಿತ್ತು. ಚಿತ್ರದ ಅಜ್ಜಿ ಮೆಕ್ಕೆಜೋಳದ ತೆನೆ ಸುಡುತ್ತಿದ್ದಾಳೆ. ಮುಂದಿನ ತಟ್ಟೆಯಲ್ಲಿ ಹಸಿಮೆಣಸಿನಕಾಯಿ. ಬಳ್ಳಾರಿ ಹತ್ತಿರ ಹೊಸ ಶಿಲಾಯುಗದವರು ಬಾಳಿದ ಸಂಗನಕಲ್ಲಿನಲ್ಲಿ ಅಗೆದ ಮಣ್ಣನ್ನು ಜಾಲಿಸಿದಾಗ ಸಿಕ್ಕ ಕರಕಾದ ಕಾಳು ಹುರುಳಿ, ಹೆಸರು, ಕೊರಲೆ. ಮೆಕ್ಕೆಜೋಳ, ಮೆಣಸಿನಕಾಯಿ ಎರಡೂ ಅಮೆರಿಕದವು. ಪೋರ್ಚುಗೀಸರ ಹಡಗು ಬರುವ ತನಕ ಇಲ್ಲಿ ಯಾರೂ ನೋಡಿರಲಿಲ್ಲ. ಮ್ಯೂಸಿಯಂ ಸಮಿತಿಯಲ್ಲಿದ್ದ ಇತಿಹಾಸದ ಮೇಷ್ಟ್ರು ಇಷ್ಟನ್ನೇ ಹೇಳಿದರು. ಅಧ್ಯಕ್ಷರಿಗೆ ಸಿಟ್ಟು ಬಂತು.

"ಮಿರ್ಚಿ ಇಲ್ದ ನಮ್ಮ ಹಿರೇರು ಒಗ್ಗರಣೆ ಹೆಂಗ ತಿಂತಿದ್ರು ಮೇಷ್ಟ್ರೇ? ನೀವು ತಿಂತೀರೇನು?"

ಮೇಷ್ಟ್ರ ಹತ್ತಿರ ಉತ್ತರ ಇರಲಿಲ್ಲ. ಮೆಣಸಿನಕಾಯಿ ಸರ್ವಾನುಮತದಿಂದ ಪಾಸಾಯಿತು.

ಅಶೋಕನ ಚಿತ್ರ ಟಿವಿ ಧಾರಾವಾಹಿಯ ನಾಯಕನದು. ಹೊಟ್ಟೆಯ ಮೇಲೆ ಆರು ಗಂಟು. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಸಿಕ್ಕ ಶಾಸನದಿಂದ ತಾನೇ ಬೇರೆ ಶಾಸನಗಳ 'ದೇವಾನಾಂಪ್ರಿಯ' ಅಂದರೆ ಅಶೋಕನೇ ಅಂತ ಖಚಿತವಾಗಿದ್ದು! ಮುಖವೂ ಬೇಕು ಅಂದರೆ ಕಲಬುರಗಿ ಜಿಲ್ಲೆಯ ಕನಗನಹಳ್ಳಿಯಲ್ಲಿ 'ರಾಯೋ ಅಸೋಕೋ' ಅಂತ ಹೆಸರು ಬರೆದ ಶಿಲ್ಪವೇ ಇದೆ. ಆದರೆ ಅಲ್ಲಿಗೆ ಬಸ್ಸಲ್ಲಿ ಹೋಗಬೇಕಲ್ವಾ, ಲ್ಯಾಪ್‌ಟಾಪಿನಿಂದ ಆಗಲ್ಲ.

ನನಗೆ ಹೊಟ್ಟೆ ಉರಿದದ್ದು ಕೋಣದ ಚಿತ್ರ ನೋಡಿ. ರಾಯಚೂರು ಕೋಟೆಯ ಗೋಡೆಯಲ್ಲಿ ನಲವತ್ತೊಂದು ಅಡಿಗೂ ಉದ್ದದ ಒಂದು ಚಪ್ಪಡಿ ಇದೆ. ಅದರ ಮೇಲೆ 1294ರ ಶಾಸನ. ಅಷ್ಟು ದೊಡ್ಡ ಕಲ್ಲು ಅಲ್ಲಿಗೆ ಹೇಗೆ ಬಂತು ಅಂತ ಯಾರನ್ನೂ ಕೇಳಬೇಕಿಲ್ಲ. ಗೋಡೆಯ ಮೇಲೆಯೇ ಗೀರಿ ತೋರಿಸಿದ್ದಾರೆ: ಬಂಡಿ, ಬಂಡಿಯ ಮೇಲೆ ಚಪ್ಪಡಿ, ಮುಂದೆ ಎಳೆಯುವ ಕೋಣಗಳ ಸಾಲು. ಬರೀ ಗೆರೆ. ಅಕ್ಷರ ಬಾರದ ಮಗುವಿಗೂ ಅರ್ಥವಾಗುತ್ತೆ. ಆಟಕ್ಕೆ ಚಿತ್ರ ಹೇಗಿರಬೇಕು ಅಂತ ಏಳುನೂರು ವರ್ಷದ ಹಿಂದೆಯೇ ಯಾರೋ ತೋರಿಸಿಕೊಟ್ಟಿದ್ದಾರೆ, ಮಿಕ್ಸರ್ ಇಲ್ಲದೆ.

ಅಳಿಯನ ಕೋಣಕ್ಕೆ ಐದು ಕಾಲು. ಮೇಷ್ಟ್ರು ಬೆರಳಿಟ್ಟು ಎಣಿಸಿ ತೋರಿಸಿದರು. "ಕಾಲು ಜಾಸ್ತಿ ಇದ್ರ ಎಳೆಯಾಕ ಅನುಕೂಲ ಬಿಡ್ರೀ" ಅಂದರು ಅಧ್ಯಕ್ಷರು. ಇಂಜಿನಿಯರ್ ಸಾಹೇಬರು ಮಾತ್ರ ಹೆಚ್ಚುವರಿ ಕಾಲಿಗೆ ಹೆಚ್ಚುವರಿ ಬಿಲ್ ಬರುತ್ತಾ ಅಂತ ವಿಚಾರಿಸಿದರು.

ಬಳ್ಳಾರಿ ಹತ್ತಿರದ ಕುಪ್ಪಗಲ್ಲು ಗುಡ್ಡದ ಗೂಳಿಗಳಂತೂ ಹಾಳೆಯಲ್ಲಿ ಇಲ್ಲವೇ ಇಲ್ಲ. ಕಪ್ಪು ಬಂಡೆಯನ್ನು ಕಲ್ಲಿನಿಂದ ಕುಟ್ಟಿ ಕುಟ್ಟಿ ಮೂಡಿಸಿದ, ಉದ್ದ ಕೊಂಬಿನ, ಡುಬ್ಬದ ಗೂಳಿಗಳು. 1892ರಲ್ಲೇ ಫಾಸೆಟ್ ಎಂಬುವರು ಅವುಗಳ ಬಗ್ಗೆ ಬರೆದಿದ್ದಾರೆ. ಅದೇ ಗುಡ್ಡದಲ್ಲಿ ಬಡಿದರೆ ಗಂಟೆಯಂತೆ ನಾದ ಕೊಡುವ ಬಂಡೆಗಳೂ ಇವೆ. ಮಕ್ಕಳಿಗೆ ಇದಕ್ಕಿಂತ ಒಳ್ಳೆ ಆಟ ಬೇಕಾ? ಅಳಿಯನನ್ನು ಕೇಳಿದರೆ, "ಆ ಗೂಳಿ ಬರೀ ಗೆರಿ ಅದಾವ್ರೀ, ತ್ರೀಡಿ ಇಲ್ಲ, ಕ್ವಾಲಿಟಿ ಬರಂಗಿಲ್ಲ" ಅಂದ. ಗುಡ್ಡದ ಸುತ್ತ ಕಲ್ಲುಗಣಿಯವರು ಮಾತ್ರ ಆ ಕಲ್ಲಿನ ಕ್ವಾಲಿಟಿ ಮೊದಲೇ ಗುರುತಿಸಿದ್ದಾರೆ.

ಈಗ ದೂರು ಬಂದಿದೆ. ಮ್ಯಾಮತ್ ಎಲ್ಲಿದೆ ಅಂತ ಮಕ್ಕಳು ಪಾಯಿಖಾನೆ ತನಕ ಹುಡುಕಿದ್ದಾರೆ. ಸಮಿತಿ ಮತ್ತೆ ಸೇರಿತು. ಚಿತ್ರ ತಪ್ಪು ಅಂತ ಬರೆದರೆ ಆಡಿಟ್‌ನವರು ಹಿಡಿಯುತ್ತಾರೆ, ಬಿಲ್ ಬೇರೆ ಪಾಸಾಗಿದೆ. ಆದ್ದರಿಂದ ಹಾಳೆಯನ್ನು ಮುಟ್ಟದೆ, ಹಾಳೆಯಲ್ಲಿರುವುದನ್ನೆಲ್ಲ ಮ್ಯೂಸಿಯಂ ಒಳಗೆ ತರಿಸುವುದೆಂದು ತೀರ್ಮಾನವಾಯಿತು. ಕಲ್ಲಿನ ಕೊಡಲಿಗಳನ್ನು ಗೋದಾಮಿಗೆ ಸಾಗಿಸಿ ಜಾಗ ಮಾಡಿದ್ದಾರೆ. ಫೈಬರ್ ಮ್ಯಾಮತ್‌ಗೆ ಟೆಂಡರ್ ಆಗಿದೆ, ಮೈಮೇಲಿನ ಕೂದಲು ಚದರಡಿ ಲೆಕ್ಕ.

ಕಿನ್ನಾಳದ ಯುವಕನಿಗೂ ಈ ಸಲ ಕರೆ ಹೋಗಿದೆ, ಕೂದಲು ಅಂಟಿಸುವ ದಿನಗೂಲಿಗೆ. ಹುಣಸೆ ಬೀಜದ ಅಂಟು ಮಾತ್ರ ತರಬೇಡ ಅಂದಿದ್ದಾರಂತೆ. ಸರ್ಕಾರಿ ದರಪಟ್ಟಿಯಲ್ಲಿ ಅದು ಇಲ್ಲ.