ಜಾತ್ರೆ ಲೆಕ್ಕ ಕೇಳುವವರು ಪಂಚಾಯ್ತಿ ಲೆಕ್ಕ ಯಾಕೆ ಕೇಳಲ್ಲ?

ಮೇ ತಿಂಗಳ ಒಂದು ಭಾನುವಾರ ಅಮ್ಮನ ಜೊತೆ ಫೋನಲ್ಲಿ ಮಾತಾಡುತ್ತಿದ್ದೆ. ಮಳೆ, ಅಡಿಕೆ ರೇಟು, ಯಾರದೋ ಮದುವೆ ಎಲ್ಲ ಆದಮೇಲೆ ಅಮ್ಮ ದನಿ ತಗ್ಗಿಸಿ ಹೇಳಿದರು: ‘ನಿನ್ನ ಚಿಕ್ಕಪ್ಪನ ಮಗ ಗ್ರಾಮಸಭೆಯಲ್ಲಿ ಎದ್ದುನಿಂತು ಚರಂಡಿ ಲೆಕ್ಕ ಕೇಳಿದನಂತೆ. ಅವನಿಗ್ಯಾಕೆ ಬೇಕಿತ್ತು ಹೇಳು.’

ಅವನು ಕೇಳಿದ್ದು ಇಷ್ಟೇ. ನಮ್ಮ ಕೇರಿಯ ಚರಂಡಿಗೆ ಎರಡು ಸಲ ಬಿಲ್ ಆಗಿದೆ ಅಂತ ಜನ ಮಾತಾಡ್ತಿದ್ದಾರೆ, ಫೈಲ್ ತೋರಿಸಿ ಅಂದಿದ್ದಾನೆ. ಫೈಲ್ ಬರಲಿಲ್ಲ. ‘ನಿಮ್ಮನೇದು ಖಾತೆ ಬದಲಾವಣೆ ಅರ್ಜಿ ಬಾಕಿ ಇದೆ ಅಲ್ವಾ?’ ಅನ್ನೋ ಮಾತು ಬಂತು. ಸಭೆಯಲ್ಲಿದ್ದ ಒಬ್ಬರೂ ಬಾಯಿ ಬಿಡಲಿಲ್ಲವಂತೆ. ಸಂಜೆ ಊರ ಹಿರಿಯರು ಮನೆಗೆ ಬಂದು ಬುದ್ಧಿ ಹೇಳಿ ಹೋದರು. ಪಂಚಾಯ್ತಿಯವರಿಗಲ್ಲ, ನನ್ನ ತಮ್ಮನಿಗೆ.

ನನಗೆ ಹೊಟ್ಟೆ ಉರಿದದ್ದು ಅದಕ್ಕೆ. ಯಾಕಂದ್ರೆ ಅದೇ ವಾರ ಇಲ್ಲಿ, ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನಲ್ಲಿ ನಾವಿರುವ ಹಳ್ಳಿಯಲ್ಲಿ, ವರ್ಷಕ್ಕೊಮ್ಮೆ ನಡೆಯುವ ಪ್ಯಾರಿಷ್ ಸಭೆಗೆ ಹೋಗಿ ಬಂದಿದ್ದೆ. ಪ್ಯಾರಿಷ್ ಅಂದ್ರೆ ಇಲ್ಲಿನ ಹಳ್ಳಿ ಮಟ್ಟದ ಆಡಳಿತ, ನಮ್ಮ ಪಂಚಾಯ್ತಿ ಥರ. ಊರಿನ ಮತದಾರರೆಲ್ಲ ಬರಬಹುದಾದ ಸಭೆ ಅದು. ಮಾರ್ಚ್ 1ರಿಂದ ಜೂನ್ 1ರ ಒಳಗೆ ನಡೆಸಲೇಬೇಕು, ಸಂಜೆ ಆರಕ್ಕಿಂತ ಮುಂಚೆ ಶುರು ಮಾಡುವಂತಿಲ್ಲ ಅಂತ ಕಾನೂನೇ ಹೇಳುತ್ತೆ. ಕೆಲಸಕ್ಕೆ ಹೋಗುವವರೂ ಬರಲಿ ಅಂತ. ನಮ್ಮ ಗ್ರಾಮಸಭೆ ವಾರದ ದಿನ ಬೆಳಿಗ್ಗೆ ಹನ್ನೊಂದಕ್ಕೆ ನಡೆಯುತ್ತೆ. ಆ ಹೊತ್ತಿಗೆ ಕೂಲಿಗೆ ಹೋದವರು ತೋಟದಲ್ಲಿರ್ತಾರೆ, ಇನ್ನು ಉಳಿದವರು ಯಾರು ಅಂತ ನಿಮಗೇ ಗೊತ್ತು.

ಸಭೆ ನಡೆದದ್ದು ಊರಿನ ಹಾಲ್‌ನಲ್ಲಿ. ಹಿಂದೆ ದೊಡ್ಡ ಪಾತ್ರೆಯಲ್ಲಿ ಟೀಗೆ ನೀರು ಕುದಿಯುತ್ತಿತ್ತು. ಮುಂದಿನ ಸಾಲಲ್ಲಿ ಕೂತಿದ್ದ ಒಬ್ಬ ಅಜ್ಜಿ ಕೈಯಲ್ಲಿ ಲೆಕ್ಕದ ಹಾಳೆ ಹಿಡಿದುಕೊಂಡು ಎದ್ದರು. ಆಟದ ಮೈದಾನದ ಹುಲ್ಲು ಕೊಯ್ಯೋಕೆ ಹೋದ ವರ್ಷಕ್ಕಿಂತ ಜಾಸ್ತಿ ಖರ್ಚಾಗಿದೆ, ಆದರೆ ಮನೆ ಕಿಟಕಿಯಿಂದ ನಾನು ನೋಡಿದಷ್ಟು ಸಲ ಲೆಕ್ಕ ಹಾಕಿದರೆ ಕಮ್ಮಿ ಸಲ ಕೊಯ್ದಿದ್ದಾರೆ, ಯಾಕೆ ಅಂತ ಕೇಳಿದರು. ಕ್ಲರ್ಕ್ ಕಡತ ಬಿಚ್ಚಿ ಒಂದೊಂದೇ ತಾರೀಖು ಓದಿದರು. ಅಜ್ಜಿ ಪೆನ್ಸಿಲಿಂದ ಟಿಕ್ ಹಾಕುತ್ತಾ ಹೋದರು. ಒಂದು ತಾರೀಖಿನ ಬಗ್ಗೆ ಇಬ್ಬರಿಗೂ ಅನುಮಾನ ಬಂತು. ‘ಕಂಟ್ರಾಕ್ಟರ್‌ನ ಕೇಳಿ ಮುಂದಿನ ಸಭೆಯಲ್ಲಿ ಹೇಳ್ತೀನಿ’ ಅಂತ ಕ್ಲರ್ಕ್ ಬರೆದುಕೊಂಡರು. ಅಧ್ಯಕ್ಷರು ಅಜ್ಜಿಗೆ ಥ್ಯಾಂಕ್ಸ್ ಹೇಳಿದರು. ಸಭೆ ಮುಗಿದ ಮೇಲೆ ಅಜ್ಜಿಗೆ ಟೀ ತಂದುಕೊಟ್ಟಿದ್ದೂ ಅದೇ ಅಧ್ಯಕ್ಷರೇ. ಯಾರಿಗೂ ಮುಖ ಕೆಂಪಾಗಲಿಲ್ಲ.

ಪ್ಯಾರಿಷ್ ಅನ್ನೋ ಹೆಸರು ಚರ್ಚಿನ ಕಾಲದ್ದಾದರೂ, ಪ್ಯಾರಿಷ್ ಕೌನ್ಸಿಲ್‌ಗೂ ಚರ್ಚಿಗೂ ಈಗ ಆಡಳಿತದ ಸಂಬಂಧ ಇಲ್ಲ. 1894ರ ಕಾನೂನು ಬಂದಾಗಲೇ ಊರಿನ ಆಡಳಿತವನ್ನು ಚರ್ಚಿನ ಕೈಯಿಂದ ಬಿಡಿಸಿ ಚುನಾಯಿತರ ಕೈಗೆ ಕೊಟ್ಟರು. ಮದುವೆಯಾದ ಹೆಂಗಸರೂ ಓಟು ಹಾಕಬಹುದು, ನಿಲ್ಲಬಹುದು ಅಂತ ಆಗಲೇ ಮಾಡಿದರು. ಪಾರ್ಲಿಮೆಂಟಿಗೆ ಓಟು ಹಾಕೋಕೆ ಅದೇ ಹೆಂಗಸರು ಇನ್ನೂ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಕಾಯಬೇಕಾಯಿತು. ಇವತ್ತು ಇಂಗ್ಲೆಂಡಲ್ಲಿ ಸುಮಾರು 10,000 ಇಂಥ ಪ್ಯಾರಿಷ್ ಮತ್ತು ಟೌನ್ ಕೌನ್ಸಿಲ್‌ಗಳಿವೆ. ಸದಸ್ಯರಿಗೆ ಸಂಬಳ ಇಲ್ಲ. ಸಂಬಳ ಇರೋದು ಕ್ಲರ್ಕ್‌ನಂಥ ನೌಕರರಿಗೆ ಮಾತ್ರ, ಅದೂ ಸಣ್ಣ ಊರುಗಳಲ್ಲಿ ವಾರಕ್ಕೆ ಕೆಲವು ಗಂಟೆಯ ಕೆಲಸ.

ವರ್ಷವಿಡೀ ಇವರು ಮಾಡೋದು ಸಣ್ಣ ಸಣ್ಣ ಕೆಲಸ. ಏಪ್ರಿಲಲ್ಲಿ ಹೊಸ ಲೆಕ್ಕದ ವರ್ಷ ಶುರು. ಮೇನಲ್ಲಿ ಕೌನ್ಸಿಲ್‌ನ ವಾರ್ಷಿಕ ಸಭೆ, ಅಲ್ಲಿ ಮೊದಲ ಕೆಲಸವೇ ಅಧ್ಯಕ್ಷರ ಆಯ್ಕೆ. ಬೇಸಿಗೆಯಲ್ಲಿ ಹುಲ್ಲು, ಕಾಲುದಾರಿಗೆ ಬೆಳೆದ ಮುಳ್ಳು, ಮಕ್ಕಳ ಉಯ್ಯಾಲೆಯ ಸರಪಳಿ ತಪಾಸಣೆ, ತರಕಾರಿ ಬೆಳೆಯೋಕೆ ಬಾಡಿಗೆಗೆ ಕೊಡುವ ತುಂಡು ಜಮೀನುಗಳನ್ನು ಯಾರು ಪಾಳು ಬಿಟ್ಟಿದ್ದಾರೆ ಅಂತ ನೋಡೋದು. ನವೆಂಬರಿನ ಎರಡನೇ ಭಾನುವಾರ ಯುದ್ಧದಲ್ಲಿ ಸತ್ತವರ ಸ್ಮಾರಕಕ್ಕೆ ಹೂವಿನ ಚಕ್ರ ಇಡೋದು. ಚಳಿಗಾಲದಲ್ಲಿ ರಸ್ತೆ ಬದಿಯ ಪೆಟ್ಟಿಗೆಗಳಲ್ಲಿ ಹಿಮ ಕರಗಿಸೋ ಉಪ್ಪು ತುಂಬಿದೆಯಾ ನೋಡೋದು. ನಮ್ಮೂರ ಹಳೇ ಕೆಂಪು ಫೋನ್ ಬೂತನ್ನು ಬ್ರಿಟಿಷ್ ಟೆಲಿಕಾಂನಿಂದ 1 ಪೌಂಡ್‌ಗೆ ತಗೊಂಡು, ಒಳಗೆ ಹೃದಯದ ಬಡಿತ ಏಕಾಏಕಿ ನಿಂತವರಿಗೆ ಶಾಕ್ ಕೊಡುವ ಯಂತ್ರ ಇಟ್ಟಿದ್ದಾರೆ. ಅದರ ಬ್ಯಾಟರಿ ಸರಿ ಇದೆಯಾ ಅಂತ ನೋಡಿ ಬರೆದಿಡೋಕೂ ಒಬ್ಬ ಸದಸ್ಯರಿದ್ದಾರೆ. ಯಾರಾದರೂ ಮನೆ ಕಟ್ಟೋಕೆ ಅರ್ಜಿ ಹಾಕಿದರೆ ಕೌನ್ಸಿಲ್ ಅಭಿಪ್ರಾಯ ಹೇಳಬಹುದು, ತೀರ್ಮಾನ ಮಾತ್ರ ಮೇಲಿನವರದ್ದು.

ಕೆಲಸ ಸಣ್ಣದು. ನನ್ನನ್ನು ಹಿಡಿದು ನಿಲ್ಲಿಸೋದು ಲೆಕ್ಕ. ಬಸ್ ಸ್ಟಾಪ್ ಪಕ್ಕದಲ್ಲಿ ಗಾಜಿನ ಬಾಗಿಲಿನ ಒಂದು ನೋಟಿಸ್ ಬೋರ್ಡ್ ಇದೆ. ಮರ ಬಣ್ಣಗೆಟ್ಟಿದೆ, ಪಿನ್ನುಗಳಿಗೆ ತುಕ್ಕು ಹಿಡಿದಿದೆ. ಪ್ರತಿ ಸಭೆಗೂ ಮೂರು ದಿನ ಮುಂಚೆ ಅಲ್ಲಿ ಅಜೆಂಡಾ ಬೀಳಲೇಬೇಕು, ನೋಟಿಸ್ ಹಾಕಿದ ದಿನ, ಸಭೆಯ ದಿನ, ಭಾನುವಾರ ಯಾವುದನ್ನೂ ಆ ಮೂರರಲ್ಲಿ ಎಣಿಸೋ ಹಾಗಿಲ್ಲ. ಅಜೆಂಡಾ ಜೊತೆಗೆ ಆ ತಿಂಗಳು ಕೊಡಬೇಕಾದ ಬಿಲ್ಲುಗಳ ಪಟ್ಟಿಯನ್ನೂ ನಮ್ಮೂರವರು ಹಾಕುತ್ತಾರೆ: ಹಾಲ್ ಬಾಡಿಗೆ, ಕ್ಲರ್ಕ್ ಸಂಬಳ, ನಾಯಿ ಮಲ ಹಾಕುವ ಡಬ್ಬಿ ಖಾಲಿ ಮಾಡಿದ್ದಕ್ಕೆ, ಬೆಂಚಿಗೆ ಬಣ್ಣ. ವರ್ಷದ ವಹಿವಾಟು 25,000 ಪೌಂಡ್ ಮೀರದ ಸಣ್ಣ ಕೌನ್ಸಿಲ್‌ಗಳು 100 ಪೌಂಡ್ ದಾಟಿದ ಒಂದೊಂದು ಖರ್ಚನ್ನೂ ಪ್ರಕಟಿಸಬೇಕು ಅಂತ ನಿಯಮವಿದೆ. ಇನ್ನು ಬೇಸಿಗೆಯಲ್ಲಿ 30 ಕೆಲಸದ ದಿನ, ಜುಲೈನ ಮೊದಲ ಹತ್ತು ಕೆಲಸದ ದಿನ ಸೇರಿಸಿ, ಲೆಕ್ಕಪುಸ್ತಕವನ್ನು ಜನರ ಮುಂದೆ ತೆರೆದಿಡಬೇಕು. ಹೋಗಿ ರಸೀದಿ ನೋಡಬಹುದು, ಕಾಪಿ ತಗೊಳ್ಳಬಹುದು. ಮತದಾರನಾದರೆ ಆಡಿಟರ್‌ಗೇ ತಕರಾರು ಬರೆಯಬಹುದು. ನನ್ನದು ಇನ್ನೂ ಭಾರತದ ಪಾಸ್‌ಪೋರ್ಟ್. ಆದರೂ ಕಾಮನ್‌ವೆಲ್ತ್ ದೇಶದವನು ಅಂತ ನನಗಿಲ್ಲಿ ಓಟಿದೆ, ಹಾಗಾಗಿ ಈ ಹಕ್ಕೂ ಇದೆ. ಊರಿಗೆ ನಿನ್ನೆ ಮೊನ್ನೆ ಬಂದವನಿಗೆ ಸಿಕ್ಕ ಈ ಹಕ್ಕು, ಅಜ್ಜನ ಕಾಲದಿಂದ ಅದೇ ಊರಲ್ಲಿರುವ ನನ್ನ ತಮ್ಮನಿಗೆ ನಡೆಯಲಿಲ್ಲವಲ್ಲ ಅನ್ನೋದೇ ನನ್ನ ಸಂಕಟ.

ಇಲ್ಲಿಯವರು ನಮಗಿಂತ ಒಳ್ಳೆಯವರು ಅಂತ ನಾನು ಹೇಳ್ತಿಲ್ಲ. ಅವರು ಕೇಳೋಕೆ ಒಂದು ಕಾರಣ ಇದೆ. ಮಾರ್ಚಲ್ಲಿ ಮನೆ ತೆರಿಗೆಯ ಬಿಲ್ ಬರುತ್ತೆ. ಅದರಲ್ಲಿ ಮೇಲಿನ ಹಂತದ ಕೌಂಟಿಗೆ ಇಷ್ಟು, ಅದರ ಕೆಳಗಿನ ಡಿಸ್ಟ್ರಿಕ್ಟ್‌ಗೆ ಇಷ್ಟು, ಪೊಲೀಸರಿಗೆ ಇಷ್ಟು ಅಂತ ಬಿಡಿಸಿ ಬರೆದಿರ್ತಾರೆ. ಕೊನೆಗೆ ನಿಮ್ಮ ಪ್ಯಾರಿಷ್‌ಗೆ ಇಷ್ಟು ಅಂತ ಒಂದು ಸಾಲು. ದೇಶದ ಸರಾಸರಿ ಹಿಡಿದರೆ ಮನೆಗೆ ವರ್ಷಕ್ಕೆ 90 ಪೌಂಡ್ ಆಸುಪಾಸು. ಮುಂದಿನ ವರ್ಷಕ್ಕೆ ಎಷ್ಟು ಬೇಕು ಅಂತ ಕೌನ್ಸಿಲ್‌ನವರೇ ಚಳಿಗಾಲದಲ್ಲಿ ಕೂತು ಲೆಕ್ಕ ಹಾಕಿ ಜನವರಿಗೆ ತೀರ್ಮಾನ ಮಾಡ್ತಾರೆ. ಉಯ್ಯಾಲೆ ಹೊಸದು ಬೇಕು ಅಂದ್ರೆ ಆ ಸಾಲಿನ ಅಂಕಿ ಏರುತ್ತೆ. ಏರಿದ್ದು ಅಜ್ಜಿಗೆ ಮಾರ್ಚಲ್ಲೇ ಕಾಣುತ್ತೆ. ಮೇನಲ್ಲಿ ಎದ್ದುನಿಂತು ಕೇಳ್ತಾರೆ.

ಇದು ನಮ್ಮ ಜಾತ್ರೆ ಪಟ್ಟಿ ಇದ್ದ ಹಾಗೇ. ಮನೆಗೆ ಇಷ್ಟು ಅಂತ ಪಟ್ಟಿ ಹಾಕ್ತಾರೆ, ಎತ್ತುತ್ತಾರೆ. ತೇರು ಎಳೆದು, ಓಕುಳಿ ಮುಗಿದು, ಮೂರನೇ ದಿನ ದೇವಸ್ಥಾನದ ಜಗಲಿಯಲ್ಲಿ ಲೆಕ್ಕ ಓದಬೇಕು. ಓದದಿದ್ದರೆ ಊರು ಬಿಡುತ್ತಾ? ಹೂವಿನವನಿಗೆ ಎಷ್ಟು, ವಾಲಗದವರಿಗೆ ಎಷ್ಟು, ಅಕ್ಕಿ ಎಷ್ಟು ಮೂಟೆ ಉಳಿಯಿತು, ಉಳಿದ ಅಕ್ಕಿ ಯಾರ ಮನೆಯಲ್ಲಿದೆ, ಎಲ್ಲ ಕೇಳ್ತಾರೆ. ನಮ್ಮೂರಲ್ಲಿ ಒಮ್ಮೆ ಬಾಳೆಎಲೆ ಖರ್ಚಿನ ಮೇಲೆ ನಡುರಾತ್ರಿವರೆಗೂ ಜಗಳ ಆಗಿತ್ತು. ಓದಲು ಬರೆಯಲು ಬಾರದ ಹಿರಿಯರು ಬೆರಳಲ್ಲೇ ಎಣಿಸಿ, ಲೆಕ್ಕ ಬರೆದ ಮೇಷ್ಟ್ರನ್ನು ತಡೆದು ನಿಲ್ಲಿಸಿದ್ದನ್ನು ನಾನೇ ನೋಡಿದ್ದೇನೆ. ಅವತ್ತು ಯಾರೂ ಅವರ ಮನೆಗೆ ಹೋಗಿ ‘ನಿಮಗ್ಯಾಕೆ ಬೇಕಿತ್ತು’ ಅನ್ನಲಿಲ್ಲ.

ಅಂದ್ರೆ ಲೆಕ್ಕ ಕೇಳೋಕೆ ನಮ್ಮವರಿಗೆ ಬರುತ್ತೆ. ಚೆನ್ನಾಗೇ ಬರುತ್ತೆ. ಅದೇ ಜನ ಪಂಚಾಯ್ತಿ ಕಟ್ಟಡದೊಳಗೆ ಕಾಲಿಟ್ಟ ಕೂಡಲೇ ಬಾಯಿ ಮುಚ್ಚಿಕೊಳ್ತಾರೆ. ಅದು ಸರ್ಕಾರದ ದುಡ್ಡು, ಮೇಲಿಂದ ಬಂದದ್ದು, ನಮ್ಮದೇನು ಹೋಯ್ತು ಅನ್ನೋ ಭಾವನೆ. ಹಣಕಾಸು ಆಯೋಗದ್ದು, ಉದ್ಯೋಗ ಖಾತರಿಯದ್ದು, ಶಾಸಕರ ನಿಧಿ, ಯಾವುದೂ ನಮ್ಮ ಜೇಬಿಂದ ಹೋದ ಹಾಗೆ ಕಾಣಲ್ಲ. ಬೆಂಕಿಪೊಟ್ಟಣದಿಂದ ಹಿಡಿದು ಡೀಸೆಲ್‌ವರೆಗೆ ಪ್ರತಿಯೊಂದಕ್ಕೂ ತೆರಿಗೆ ಕಟ್ಟುತ್ತೀವಿ, ಅದು ದೆಹಲಿ, ಬೆಂಗಳೂರು ಸುತ್ತಿ ಬರುವಷ್ಟರಲ್ಲಿ ನಮ್ಮದು ಅನ್ನೋ ಗುರುತೇ ಅಳಿಸಿ ಹೋಗಿರುತ್ತೆ. ಇನ್ನು ಪಂಚಾಯ್ತಿ ತಾನೇ ಎತ್ತುವ ಮನೆ ಕಂದಾಯವನ್ನಾದರೂ ನಾವು ಸರಿಯಾಗಿ ಕಟ್ಟುತ್ತೀವಾ? ಖಾತೆ ಬೇಕಾದಾಗ, ಆಸ್ತಿ ದಾಖಲೆಯ ನಮೂನೆ 9, 11 ಬೇಕಾದಾಗ ನಾಲ್ಕು ವರ್ಷದ್ದು ಒಟ್ಟಿಗೆ ಕಟ್ಟಿ ರಸೀದಿ ಹಿಡಿದು ಬರ್ತೀವಿ. ಕಟ್ಟದವನಿಗೆ ಕೇಳೋ ಗಟ್ಟಿತನ ಎಲ್ಲಿಂದ ಬರಬೇಕು?

ಮತ್ತೆ ಭಯ. ಅದು ಸುಳ್ಳು ಭಯ ಅಲ್ಲ. ಇಲ್ಲಿ ಅಜ್ಜಿಗೆ ಪ್ಯಾರಿಷ್ ಕೌನ್ಸಿಲಿಂದ ಆಗಬೇಕಾದ್ದು ಏನೂ ಇಲ್ಲ. ಪಿಂಚಣಿ ಬೇರೆ ಕಡೆಯಿಂದ ಬರುತ್ತೆ, ನೀರು ಬೇರೆ ಕಂಪನಿಯದ್ದು. ನಮ್ಮಲ್ಲಿ ಮನೆ ಪಟ್ಟಿಯಲ್ಲಿ ಹೆಸರು ಬರಬೇಕಾದ್ರೂ, ದನದ ಕೊಟ್ಟಿಗೆ ಬಿಲ್ ಆಗಬೇಕಾದ್ರೂ, ನಲ್ಲಿ ಬೇಕಾದ್ರೂ, ಖಾತೆ ಬೇಕಾದ್ರೂ ಅದೇ ಬಾಗಿಲು. ಕೇಳಿದವನ ಅರ್ಜಿ ಕೆಳಗೆ ಹೋಗುತ್ತೆ. ಇದನ್ನು ಒಪ್ಪಿಕೊಳ್ಳೋಕೆ ನನಗೆ ಇಷ್ಟ ಇಲ್ಲ, ಆದರೆ ಒಪ್ಪಲೇಬೇಕು.

ಒಪ್ಪಬೇಕಾದ್ದು ಇನ್ನೂ ಇದೆ. ಇಲ್ಲಿನ ಎಷ್ಟೋ ಕೌನ್ಸಿಲ್‌ಗಳಿಗೆ ಚುನಾವಣೆಯೇ ನಡೆಯಲ್ಲ, ನಿಲ್ಲುವವರೇ ಇಲ್ಲ. ಖಾಲಿ ಕುರ್ಚಿಗೆ ಇದ್ದವರೇ ಸೇರಿ ಯಾರನ್ನಾದರೂ ಆರಿಸಿಕೊಳ್ತಾರೆ. ಸಭೆಯಲ್ಲಿ ಕಾಣೋದು ಹೆಚ್ಚಾಗಿ ನಿವೃತ್ತರು, ಸ್ವಂತ ಮನೆ ಇರುವವರು. ಬಾಡಿಗೆ ಮನೆಯ ಹುಡುಗ ಹುಡುಗಿಯರು ಬರಲ್ಲ. ಜಗಳವೂ ಕಮ್ಮಿ ಇಲ್ಲ. ಚೆಷೈರ್‌ನ ಹ್ಯಾಂಡ್‌ಫೋರ್ತ್ ಕೌನ್ಸಿಲ್‌ನವರು 2020ರ ಡಿಸೆಂಬರಲ್ಲಿ ಜೂಮ್ ಸಭೆಯಲ್ಲಿ ಕಿತ್ತಾಡಿದ ವಿಡಿಯೊ ಎರಡು ತಿಂಗಳ ನಂತರ ಜಗತ್ತೆಲ್ಲ ಓಡಾಡಿತ್ತು, ನೆನಪಿರಬಹುದು. ವಾರ್ಷಿಕ ಪ್ಯಾರಿಷ್ ಸಭೆಯಲ್ಲಿ ಊರು ಮಾಡಿದ ನಿರ್ಣಯಕ್ಕೆ ಕೌನ್ಸಿಲ್ ಕಟ್ಟುಬೀಳಬೇಕು ಅಂತಲೂ ಇಲ್ಲ. ಕಾಗದದ ಮೇಲೆ ನೋಡಿದರೆ ನಮ್ಮ ಗ್ರಾಮಸಭೆಗೇ ಬಲ ಜಾಸ್ತಿ.

ನಮ್ಮದು ಎಂಥ ಪರಂಪರೆ ಅಂತಲೂ ನೆನಪಿಸಿಕೊಳ್ಳಬೇಕು. ನೀರ್ ಸಾಬ್ ಅಂತ ಜನ ಕರೆಯುತ್ತಿದ್ದ ಅಬ್ದುಲ್ ನಜೀರ್ ಸಾಬ್ ಕರ್ನಾಟಕದಲ್ಲಿ ಮಂತ್ರಿಯಾಗಿದ್ದ ಕಾಲದಲ್ಲಿ, 1987ರ ಪಂಚಾಯ್ತಿ ಚುನಾವಣೆಯಲ್ಲೇ, ನಾವು ಹೆಂಗಸರಿಗೆ ಕಾಲು ಭಾಗ ಸೀಟು ಇಟ್ಟಿದ್ದೆವು. ದೇಶಕ್ಕೆಲ್ಲ ಆ ಕಾನೂನು ಬಂದದ್ದು 1993ರಲ್ಲಿ. ಇವತ್ತು ಅರ್ಧ ಸೀಟು ಹೆಂಗಸರದ್ದು. ಒಂದು ಕಾಲದಲ್ಲಿ ಯಾವ ಜಗಲಿಯ ಹತ್ತಿರಕ್ಕೂ ಬಿಡದೆ ಇದ್ದ ಕೇರಿಯ ಹೆಣ್ಣುಮಗಳು ಅಧ್ಯಕ್ಷೆಯ ಕುರ್ಚಿಯಲ್ಲಿ ಕೂರ್ತಾಳೆ. ಗಂಡ ಪಕ್ಕದಲ್ಲಿ ಕೂತು ಮಾತಾಡಿದ ಕಾಲವೂ ಇತ್ತು, ಈಗ ತಾವೇ ಎದ್ದು ಪಂಚಾಯ್ತಿ ಅಧಿಕಾರಿ ಪಿಡಿಒ ಜೊತೆ ವಾದ ಮಾಡುವವರನ್ನೂ ನೋಡಿದ್ದೇನೆ. ಇಂಗ್ಲೆಂಡಿನ ನನ್ನ ಹಳ್ಳಿಯಲ್ಲಿ ಅಂಥದ್ದು ಕಂಡಿಲ್ಲ.

ಕಾನೂನಲ್ಲಿ ನಮಗೆ ಕೊರತೆ ಇಲ್ಲ. ಆರು ತಿಂಗಳಿಗೊಮ್ಮೆ ಗ್ರಾಮಸಭೆ, ಅದಕ್ಕೂ ಕೆಳಗೆ ವಾರ್ಡ್ ಸಭೆ, ಲೆಕ್ಕವನ್ನು ಜನರ ಮುಂದೆ ತಪಾಸಣೆ ಮಾಡುವ ವರ್ಷಕ್ಕೊಂದು ಜಮಾಬಂದಿ, ಜೊತೆಗೆ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ. ಪಂಚಾಯ್ತಿ ಖರ್ಚನ್ನು ಸರ್ಕಾರದ ಇ-ಗ್ರಾಮ್ ಸ್ವರಾಜ್ ವೆಬ್‌ಸೈಟ್‌ನಲ್ಲಿ ನಾನು ಇಲ್ಲಿ ಕೂತೇ ನೋಡಬಹುದು. ಆದರೆ ನೋಡಬೇಕಾದವರು ನಾನಲ್ಲ, ಆ ಚರಂಡಿ ದಾಟಿಕೊಂಡು ಓಡಾಡುವವರು. ಅವರಿಗೆ ವೆಬ್‌ಸೈಟ್ ಎಲ್ಲಿ ತೆರೆಯಬೇಕು, ಯಾವ ಪುಟದಲ್ಲಿ ಯಾವ ಯೋಜನೆ ಅಂತ ಹುಡುಕೋಕೆ ಪುರುಸೊತ್ತಿಲ್ಲ.

ಅದಕ್ಕೆ ನಾನು ಊರಿನ ಹುಡುಗರಿಗೆ ಒಂದೇ ಕೆಲಸ ಹೇಳಿದ್ದೇನೆ. ಮುಂದಿನ ಗ್ರಾಮಸಭೆಯಲ್ಲಿ ಚರಂಡಿ ಬಗ್ಗೆ ಯಾರೂ ಒಬ್ಬೊಬ್ಬರೇ ಕೇಳಬೇಡಿ. ಹತ್ತು ಜನ ಒಟ್ಟಿಗೆ ಹೋಗಿ, ಹೆಂಗಸರ ಸಂಘದವರನ್ನೂ ಕರೆದುಕೊಂಡು, ಒಂದು ಠರಾವು ಮಾಡಿಸಿ: ಪ್ರತಿ ತಿಂಗಳು ಪಂಚಾಯ್ತಿ ಯಾರಿಗೆ ಎಷ್ಟು ದುಡ್ಡು ಕೊಟ್ಟಿತು, ಯಾವ ಕೆಲಸಕ್ಕೆ, ಅಂತ ದಪ್ಪ ಅಕ್ಷರದಲ್ಲಿ ಒಂದು ಹಾಳೆ ಬರೆದು ಹಾಲಿನ ಡೇರಿ ಗೋಡೆಗೆ ಅಂಟಿಸಬೇಕು. ಪಂಚಾಯ್ತಿ ಕಟ್ಟಡದ ಒಳಗಲ್ಲ, ಡೇರಿಯಲ್ಲಿ. ಬೆಳಿಗ್ಗೆ ಸಂಜೆ ಕ್ಯಾನ್ ಹಿಡಿದು ಊರೇ ಅಲ್ಲಿ ಸಾಲು ನಿಲ್ಲುತ್ತೆ. ಓದಲು ಬಾರದವರಿಗೆ ಪಕ್ಕದವರು ಓದಿ ಹೇಳ್ತಾರೆ. ಯಾರಾದರೂ ರಾತ್ರಿ ಕಿತ್ತು ಹಾಕಿದರೆ ಬೆಳಿಗ್ಗೆ ಇನ್ನೊಂದು ಅಂಟಿಸಿ, ಜೆರಾಕ್ಸ್ ಖರ್ಚು ನಾನು ಕಳಿಸ್ತೀನಿ.