ಒಂದು ಗೇಟ್ ಹೋದರೆ ಡ್ಯಾಂ ಖಾಲಿಯಾಗುತ್ತಾ?

‘ಗೇಟ್ ಕಿತ್ತರೆ ತುಂಗಭದ್ರಾ ಡ್ಯಾಂ ಪೂರ್ತಿ ಖಾಲಿ, ಕುಡಿಯೋಕೂ ನೀರಿರಲ್ಲ.’ ಕೊಪ್ಪಳದ ಗ್ರೂಪುಗಳಲ್ಲಿ ಈ ಮೆಸೇಜ್ ಇನ್ನೂ ಓಡಾಡುತ್ತಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋದದ್ದು ನಿಜ. ಭಯ ಸುಮ್ನೆ ಹುಟ್ಟಿದ್ದಲ್ಲ ಬಿಡಿ.

ಆದರೆ ಆ 33 ಗೇಟುಗಳು ಕೂತಿರುವುದು ಅಣೆಕಟ್ಟಿನ ತಳದಲ್ಲಲ್ಲ, ಮೇಲ್ಭಾಗದಲ್ಲಿ. ಒಂದೊಂದರ ಎತ್ತರ 20 ಅಡಿ. ಡ್ಯಾಂ ತುಂಬಿದಾಗ ನೀರು ಸಮುದ್ರಮಟ್ಟದಿಂದ 1,633 ಅಡಿಗೆ ನಿಲ್ಲುತ್ತದೆ, ಗೇಟಿನ ಬುಡ ಇರುವುದು 1,613ರಲ್ಲಿ. ಕೊಡದ ಕಂಠ ಒಡೆದರೆ ಮೇಲಿನ ನೀರು ಚೆಲ್ಲುತ್ತದೆ, ಹೊಟ್ಟೆಯೊಳಗಿನದ್ದು ಉಳಿಯುತ್ತದೆ ಅಲ್ವಾ? ಇಲ್ಲೂ ಅಷ್ಟೇ. ಹಾಗಂತ ನಷ್ಟ ಸಣ್ಣದಲ್ಲ, ಬೆಳೆಗೆ ಬೇಕಾದ ನೀರು ಜಾಸ್ತಿ ಇರುವುದೇ ಮೇಲೆ.

ಒಂದು ವಾರದಲ್ಲಿ ಉಕ್ಕಿನ ಸ್ಟಾಪ್‌ಲಾಗ್ (ಗೇಟಿನ ಜಾಗದಲ್ಲಿ ನೀರು ತಡೆಯುವ ತಾತ್ಕಾಲಿಕ ಹಲಗೆಗಳು) ಇಳಿಸಿ ಕಿಂಡಿ ಮುಚ್ಚಿದರು. ಆಮೇಲೆ ಮಳೆಯೂ ಕೈಹಿಡಿಯಿತು.